ಅನುಭವದ ಕಾಗದ

ಓಬಳೇಶನ ಡಿಪ್ಲೊಮಾ ಬಂದ ದಿನ ಭೀಮಕ್ಕ ಹುರುಳಿಕಾಳಿನ ಸಾರು ಕಾಯಿಸಿ, ಮುದ್ದೆ ಕಟ್ಟಿ, ತಟ್ಟೆಗಳನ್ನು ಹಾಕಿಕೊಂಡು ಕೂತೇ ಇದ್ದಳು. ಒಬ್ಬರೂ ಊಟಕ್ಕೆ ಒಳಗೆ ಬರಲಿಲ್ಲ. ಅಂಚೆಯವನು ರಿಜಿಸ್ಟರ್ ಲಕೋಟೆ ಕೊಟ್ಟು ಹೋಗಿದ್ದ. ಮಾವ ಕದರಪ್ಪ, ಅತ್ತೆ ಜುಂಜಮ್ಮ, ಗಂಡ ಅಂಜನಪ್ಪ, ಮೂವರೂ ಜಗಲಿಯ ಮೇಲೆ ಮೈದುನ ಓಬಳೇಶನನ್ನು ಸುತ್ತುವರಿದು ಒಂದು ಹಾಳೆಯನ್ನು ನೋಡುತ್ತಿದ್ದರು. ಹಾಳೆ ದಪ್ಪನೆಯದು. ಅಂಚಿಗೆಲ್ಲ ಬಂಗಾರದ ಬಣ್ಣದ ಬಳ್ಳಿ, ಕೆಳಗೊಂದು ಕೆಂಪು ರಿಬ್ಬನ್ನು, ಅದರ ಮೇಲೆ ರೂಪಾಯಿ ಅಗಲದ ಮೊಹರು. ಮೇಲೆ 'ಸರ್ವೋನ್ನತ ವಿದ್ಯಾಪರಿಷತ್ತು' ಎಂದು ಹಿಂದಿಯಲ್ಲಿತ್ತು, ಉಳಿದದ್ದೆಲ್ಲ ಇಂಗ್ಲಿಷು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದಿದ್ದ ಓಬಳೇಶ ಬೆರಳಿಟ್ಟು ಓದಿ ಹೇಳಿದ. ಉಣ್ಣೆ ನೇಯ್ಗೆಯಲ್ಲಿ ಡಿಪ್ಲೊಮಾ, ಪ್ರಥಮ ದರ್ಜೆ.

ಓಬಳೇಶ ಹುಟ್ಟಿದಾಗಿನಿಂದ ಲಾಳಿ ಮುಟ್ಟಿದವನಲ್ಲ. ಭೀಮಕ್ಕ ಬಾಗಿಲಲ್ಲಿ ನಿಂತು, ಪರೀಕ್ಷೆ ಯಾವಾಗ ಬರೆದೆ ಎಂದು ಕೇಳಿದಳು.

"ಪರೀಕ್ಷೆ ಯಾತಕ್ಕೆ ಅತ್ತಿಗೆ? ಎಕ್ಸ್‌ಪೀರಿಯನ್ಸ್ ಮೇಲೆ ಕೊಡ್ತಾರೆ. ಮನೇಲಿ ಮಗ್ಗ ಐತೆ ಅಂದೆ. ಅಷ್ಟೇ ಸಾಕು ಅಂದ್ರು."

ಎಕ್ಸ್‌ಪೀರಿಯನ್ಸ್ ಅಂದರೆ ಏನೆಂದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಶಿರಾ ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿಯ ಮಹಡಿಯಲ್ಲಿ ಕೂರುವ ಏಜೆಂಟನಿಗೆ ಎರಡು ಹೆಣ್ಣುಕುರಿ ಮಾರಿದ ದುಡ್ಡನ್ನು ಓಬಳೇಶ ಕಟ್ಟಿ ಬಂದಿದ್ದ. ಕುರಿ ಮಾರುವಾಗ ಗೊಣಗಿದ್ದ ಕದರಪ್ಪನೇ ಈಗ ಹಾಳೆಯ ಮೇಲೆ ಅಂಗೈ ಆಡಿಸುತ್ತ ತಲೆದೂಗಿದ.

"ಒಂದು ಮಾತು ಕೇಳ್ಲಿಲ್ಲ ನೋಡು. ನಂಬಿದ್ರು. ದೊಡ್ಡ ಜನ ಅಂದ್ರೆ ಅಂಗಿರಬೇಕು."

ಸಾರು ಆರಿತು, ಮುದ್ದೆ ಬಿರುಸಾಯಿತು. ಭೀಮಕ್ಕ ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು. ಮಾರನೆಯ ದಿನ ಅಂಜನಪ್ಪ ಆ ಹಾಳೆಗೆ ಮಧುಗಿರಿಯಲ್ಲಿ ಗಾಜಿನ ಕಟ್ಟು ಹಾಕಿಸಿಕೊಂಡು ಬಂದು ದೇವರ ಪಟಗಳ ಪಕ್ಕದಲ್ಲಿ ಮೊಳೆ ಹೊಡೆದ.

ಆ ಮನೆಯಲ್ಲಿ ಮಗ್ಗ ಇದ್ದದ್ದಂತೂ ನಿಜ. ಹಿಂದಿನ ಕೋಣೆಯ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಕೂತು ನೇಯುವ ಕಂಬಳಿ ಮಗ್ಗ. ಕದರಪ್ಪನ ಅಪ್ಪ ನೇಯ್ದ, ಕದರಪ್ಪ ನೇಯ್ದ, ಆಮೇಲೆ ಅಂಜನಪ್ಪ ನೇಯ್ದ. ಹೆಂಗಸರು ಉಣ್ಣೆ ಹಿಂಜಬಹುದು, ನೂಲಬಹುದು, ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ದಾರಕ್ಕೆ ಹಚ್ಚಲು ಹುಣಸೆಬೀಜ ಅರೆದು ಗಂಜಿ ಕಾಯಿಸಬಹುದು. ಗುಂಡಿಗೆ ಮಾತ್ರ ಕಾಲಿಡುವಂತಿಲ್ಲ. ಅದು ಆ ಮನೆತನದ ಕಟ್ಟಳೆ. ಯಾಕೆಂದು ಕೇಳಿದರೆ ಕದರಪ್ಪ, ನಮ್ಮಪ್ಪ ಹೇಳಿದ್ದು ಎನ್ನುತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಅಂಜನಪ್ಪನ ಬಲಗೈ ಆಯಿಲ್ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿ ಮಣಿಕಟ್ಟು ಸೊಟ್ಟಗಾದ ವರ್ಷ ಮಗ್ಗ ನಿಂತುಹೋಯಿತು. ಕದರಪ್ಪನಿಗೆ ಮಂಡಿ ನೋವು, ಕಣ್ಣಿಗೆ ಪೊರೆ. ಆಗ ಭೀಮಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಗುಂಡಿಗೆ ಇಳಿದಳು. ಅವಳು ಪಾವಗಡದ ಕಡೆಯವಳು. ಗಂಡುಮಕ್ಕಳಿಲ್ಲದ ಅವಳ ಅಪ್ಪ ಮಗಳನ್ನೇ ಮಗ್ಗಕ್ಕೆ ಕೂರಿಸಿ ಕಲಿಸಿದ್ದ, ಜೊತೆಗೆ ನಾಲ್ಕನೆಯ ಕ್ಲಾಸಿನವರೆಗೆ ಸ್ಕೂಲಿಗೂ ಕಳಿಸಿದ್ದ. ಮೊದಲ ಕಂಬಳಿ ಇಳಿಸಿದ ದಿನ ಕದರಪ್ಪ ಅದನ್ನು ಮಡಿಚಿ ನೋಡಿದ, ಜಗ್ಗಿ ನೋಡಿದ, ಏನೂ ಹೇಳದೆ ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋದ. ಆಮೇಲೆ ಎಂಟು ವರ್ಷ ಹಾಗೇ ನಡೆಯಿತು. ಬಾಗಿಲು ಹಾಕಿಯೇ ನೇಯಬೇಕು. ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಶಿರಾ ಸಂತೆಯಲ್ಲಿ ಕದರಪ್ಪ 'ನಮ್ಮ ಅಂಜನಪ್ಪ ನೇಯ್ದದ್ದು' ಎಂದೇ ಮಾರುತ್ತಿದ್ದ. ಕಂಬಳಿ ಕೊಳ್ಳುವ ಸಾಬರು ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ ಪಸಂದಾಗೈತೆ ಅಂದರೆ, ಆ ಮಾತನ್ನು ಮನೆಗೆ ತಂದು ಅಂಜನಪ್ಪನಿಗೆ ಹೇಳುತ್ತಿದ್ದ. ಅಂಜನಪ್ಪ ನೆಟ್ಟಗಿದ್ದ ಎಡಗೈಯಿಂದ ಮೀಸೆ ಸವರಿಕೊಳ್ಳುತ್ತಿದ್ದ. ಭೀಮಕ್ಕ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಮಕ್ಕಳಾಗಿರಲಿಲ್ಲ. ಆ ಕಾರಣಕ್ಕೂ ಅವಳ ಮಾತು ಮನೆಯಲ್ಲಿ ಒಂದು ತೂಕ ಕಡಿಮೆಯೇ ಇತ್ತು.

ಡಿಪ್ಲೊಮಾ ಗೋಡೆಗೆ ಹತ್ತಿದ ಸ್ವಲ್ಪ ದಿನಕ್ಕೆ ಸ್ಕೂಲು ಮೇಷ್ಟ್ರು ನಾಗಲಿಂಗಯ್ಯ ಪೇಪರು ಹಿಡಿದುಕೊಂಡು ಮನೆಯ ಹತ್ತಿರ ಬಂದರು. ಮಧುಗಿರಿಯಲ್ಲಿ ಸರ್ಕಾರದವರು ಉಣ್ಣೆ ನೇಯ್ಗೆ ಕಲಿಸುವ ಕೇಂದ್ರ ತೆಗೆಯುತ್ತಾರಂತೆ, ಹೇಳಿಕೊಡುವುದಕ್ಕೆ ಒಬ್ಬರು ಬೇಕಂತೆ, ತಿಂಗಳ ಸಂಬಳವಂತೆ. ಓಬಳೇಶ ಡಿಪ್ಲೊಮಾ ಮಾಡಿದ್ದಾನೆಂದು ಊರೆಲ್ಲ ಹೇಳುತ್ತಿರುವುದರಿಂದ ತಿಳಿಸಿ ಹೋಗೋಣ ಎಂದು ಬಂದೆ ಎಂದರು. ಹೇಳುವಾಗ ಅವರ ಕಣ್ಣು ಗೋಡೆಯ ಮೇಲಿನ ಕಟ್ಟಿನ ಕಡೆ ಹೋಗಿ, ಕೂಡಲೇ ನೆಲದ ಕಡೆ ಬಂತು. ಜುಂಜಮ್ಮ ಅವರಿಗೆ ಬೆಲ್ಲದ ಕಾಫಿ ಕೊಟ್ಟಳು. ಮೇಷ್ಟ್ರು ಹೋದ ಮೇಲೆ ಭೀಮಕ್ಕ ಪೇಪರನ್ನು ಎತ್ತಿಕೊಂಡು ನೀರೊಲೆಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಡಿಪ್ಲೊಮಾ ಪಡೆದಿರಬೇಕು ಅಥವಾ' ಎಂದಿತ್ತು. ಆ 'ಅಥವಾ' ಮುಂದಿನದನ್ನು ಮತ್ತೊಮ್ಮೆ ಓದಿದಳು. ಎಂಟು ವರ್ಷ ಮಗ್ಗದ ಅನುಭವ ಇರುವವರು ಓದದಿದ್ದರೂ ಬರಬಹುದು, ಕೈಕೆಲಸ ಮಾಡಿ ತೋರಿಸಬೇಕು.

ಊಟಕ್ಕೆ ಬಡಿಸುವಾಗ ಹೇಳಿಬಿಟ್ಟಳು.

"ನಾನೂ ಒಂದು ಅರ್ಜಿ ಹಾಕ್ತೀನಿ ಮಾವ."

ಅಂಜನಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಓಬಳೇಶ ನಕ್ಕ. ಜುಂಜಮ್ಮ, ಮನೆಯಲ್ಲಿ ಡಿಪ್ಲೊಮಾ ಮಾಡಿದ ಗಂಡು ಇರುವಾಗ ನೀನು ಹೋಗಿ ಏನು ಮಾಡುತ್ತೀಯೆ ಎಂದಳು. ಭೀಮಕ್ಕ ಸಿಟ್ಟಾಗಲಿಲ್ಲ. ಒಂದು ಮನೆಯಿಂದ ಇಬ್ಬರು ಹೋದರೆ ಒಬ್ಬರಿಗಾದರೂ ಸಿಕ್ಕೀತು ಎಂದಳು. ಆ ಲೆಕ್ಕ ಕದರಪ್ಪನಿಗೆ ಹಿಡಿಸಿತು. ಸಂತೆಗೆ ಎರಡು ಕುರಿ ಹೊಡೆದುಕೊಂಡು ಹೋಗುವವನ ಲೆಕ್ಕ ಅದು.

"ಹೋಗ್ಲಿ ಬುಡು. ಓಬಳೇಶನ ಜೊತೆ ಹೋಗಿ ಬರ್ಲಿ" ಎಂದ.

ಮಧುಗಿರಿಯ ಕೇಂದ್ರ ಅಂದರೆ ಬೆಟ್ಟದ ಬುಡದಲ್ಲಿ ಬಾಡಿಗೆಗೆ ಹಿಡಿದ ಉದ್ದನೆಯ ಹೆಂಚಿನ ಮನೆ. ಅಧಿಕಾರಿ ಶಂಕರಲಿಂಗಪ್ಪ ಎಂಬುವರು, ನರೆತ ತಲೆ, ಹಿಂದೆ ತಾವೂ ಮಗ್ಗದ ಮೇಲೆ ಕೂತವರೇ. ಮೊದಲು ಓಬಳೇಶನನ್ನು ಕರೆದರು. ಅವನು ಗೋಡೆಯಿಂದ ಕಟ್ಟುಸಮೇತ ಇಳಿಸಿಕೊಂಡು ಹೋಗಿದ್ದ ಡಿಪ್ಲೊಮಾವನ್ನು ಟವೆಲ್ಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಶಂಕರಲಿಂಗಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಇದನ್ನ ಕೊಡೋಕೆ ಮುಂಚೆ ಅವರು ನಿನ್ನ ಏನೇನು ಕೇಳಿದ್ರಪ್ಪ?"

"ಹೆಸರು ಸಾರ್. ವಿಳಾಸ."

"ಆಮೇಲೆ?"

ಓಬಳೇಶ ಕಟ್ಟಿನ ಗಾಜನ್ನು ಟವೆಲ್ಲಿನಿಂದ ಒರೆಸಿದ.

"ದುಡ್ಡು" ಎಂದು ಅವರೇ ಹೇಳಿ, ಕಟ್ಟನ್ನು ಅವನ ಕಡೆ ಮೆಲ್ಲಗೆ ಸರಿಸಿದರು. "ನೇಯ್ದಿದ್ದೀಯಾ ಅಂತ ಕೇಳ್ಲಿಲ್ಲ. ಅಲ್ವಾ? ನಾನೂ ಓದದವರಿಗೆ ಕೊಡೋನೇ ಕಣಪ್ಪ. ಆದ್ರೆ ಕೈ ನೋಡಿ ಕೊಡ್ತೀನಿ. ಅಗೋ ಮಗ್ಗ, ಹೋಗಿ ಕೂತ್ಕೋ."

ಓಬಳೇಶ ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಗೆ ಹೋಗಿ ಬೀಡಿ ಹಚ್ಚಿದ.

ಭೀಮಕ್ಕ ಒಳಗೆ ಹೋದಾಗ ಕೋಣೆಯ ಎರಡೂ ಬಾಗಿಲು ತೆರೆದಿದ್ದವು. ಅವಳು ಅಭ್ಯಾಸದಿಂದ ಒಂದು ಬಾಗಿಲನ್ನು ಮುಂದಕ್ಕೆ ತಳ್ಳಿದಳು. ತೆಗೆದೇ ಇರಲಿ ಬಿಡಮ್ಮ ಎಂದರು ಅಧಿಕಾರಿ. ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಮೊದಮೊದಲು ಅಡ್ಡ ಹಾಕುವ ಹೊಕ್ಕಿನ ಎಳೆ ಸಡಿಲವಾಯಿತು. ಬಿಚ್ಚಿ ಮತ್ತೆ ಹಾಕಿದಳು. ಶಂಕರಲಿಂಗಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದಾದ ಮೇಲೊಂದು ಕೇಳಿದರು. ಯಾರ ಹತ್ತಿರ ಕಲಿತೆ? ಗಂಜಿಗೆ ಬೀಜ ಹುರಿಯುತ್ತೀಯೋ ನೆನೆಸುತ್ತೀಯೋ? ಮಳೆಗಾಲದಲ್ಲಿ ಹಾಸು ಸೆಳೆದುಕೊಂಡರೆ ಏನು ಮಾಡುತ್ತೀಯೆ? ಎರಡು ಪ್ರಶ್ನೆಗೆ ಅವಳಿಗೆ ಉತ್ತರ ಬರಲಿಲ್ಲ. ಬಣ್ಣ ಹಾಕುವುದು ಗೊತ್ತಿಲ್ಲ, ನಮ್ಮಲ್ಲಿ ಕರಿ ಉಣ್ಣೆ ಮಾತ್ರ ಎಂದಳು. ಕೇಂದ್ರದಲ್ಲೇ ಕಲಿಯಬಹುದು ಎಂದು ಅವರು ಬರೆದುಕೊಂಡರು. ಸಾಯಂಕಾಲದ ಹೊತ್ತಿಗೆ, ನಿನಗೆ ಆಗುತ್ತದೆ ಕಣಮ್ಮ, ಒಂದು ಕಾಗದ ಮಾತ್ರ ಬಾಕಿ ಎಂದರು. ಯಾರ ಮಗ್ಗದಲ್ಲಿ ನೇಯ್ದೆಯೋ ಆ ಮಗ್ಗದ ಯಜಮಾನರು ಇವಳಿಗೆ ಇಷ್ಟು ವರ್ಷದ ಅನುಭವ ಇದೆ ಎಂದು ಬರೆದು ಸಹಿ ಹಾಕಿಕೊಡಬೇಕು. ಮುಂದಿನ ಸೋಮವಾರದೊಳಗೆ ತಲುಪಿಸಬೇಕು. ಮಂಗಳವಾರ ಪಟ್ಟಿ ತುಮಕೂರಿಗೆ ಹೋಗುತ್ತದೆ.

ಬಸ್ಸಿನಲ್ಲಿ ಓಬಳೇಶ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಮುದುಕನಿಗೆ ಹೊಟ್ಟೆಕಿಚ್ಚು ಎಂದು ದಾರಿಯುದ್ದಕ್ಕೂ ಬೈದ. ಭೀಮಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವರು ಕೇಳಿದ್ದನ್ನೆಲ್ಲ, ತಾನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದಳು. ಗೊತ್ತಿಲ್ಲ ಎಂದದ್ದು ಕೂಡ ಅವಳಿಗೆ ಹಿತವಾಗಿತ್ತು.

ಮನೆಯಲ್ಲಿ ಓಬಳೇಶನ ಮಾತೇ ಮೊದಲು ನಡೆಯಿತು. ಅವನಿಗೆ ಆಗಲಿಲ್ಲ ಎಂದಾಗ ಜುಂಜಮ್ಮ ಮಧುಗಿರಿಯ ಆಫೀಸಿಗೇ ಶಾಪ ಹಾಕಿದಳು. ಅಷ್ಟು ದೊಡ್ಡ ಪರಿಷತ್ತಿನವರು ನಂಬಿದ್ದನ್ನು ಈ ಬಾಡಿಗೆ ಮನೆಯವರು ನಂಬುವುದಿಲ್ಲವೇ ಎಂದು ಕದರಪ್ಪ ಕೇಳಿದ. ಕಟ್ಟು ಮತ್ತೆ ಮೊಳೆಗೆ ಏರಿತು. ಎಲ್ಲರ ಬಾಯಿ ಆರಿದ ಮೇಲೆ ಭೀಮಕ್ಕ ತನ್ನ ವಿಷಯ ಹೇಳಿದಳು. ಕೆಲಸ ತನಗೆ ಆಗುವ ಹಾಗಿದೆ, ಒಂದು ಕಾಗದ ಬೇಕು.

"ಏನು ಬರೆದುಕೊಡಬೇಕಂತೆ?" ಎಂದ ಕದರಪ್ಪ.

"ನಿಮ್ಮ ಮಗ್ಗದಲ್ಲಿ ನಂಗೆ ಎಂಟು ವರ್ಷದ ಅನುಭವ ಐತೆ ಅಂತ, ಮಾವ."

ಕದರಪ್ಪ ತಟ್ಟೆಯನ್ನು ಮುಂದಕ್ಕೆ ತಳ್ಳಿ ಕೈ ತೊಳೆದುಬಿಟ್ಟ. ಇನ್ನೂ ಅರ್ಧ ಮುದ್ದೆ ಹಾಗೇ ಇತ್ತು.

ಆ ಮಾತು ಅವನಿಗೆ ಎಲ್ಲಿ ತಾಕಿತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆರೆಯ ಕೆಳಗೆ ಅವನಿಗೆ ಎರಡು ಎಕರೆ ಹೊಲವಿತ್ತು. ಕುರಿಯ ಹಿಂದೆ ಅಲೆಯುವವನಿಗೆ ಉಳಲು ಪುರುಸೊತ್ತಿಲ್ಲದೆ ತಿಮ್ಮರಾಯಪ್ಪ ಎಂಬುವನಿಗೆ ವಾರಕ್ಕೆ ಕೊಟ್ಟಿದ್ದ, ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಇವನಿಗೆ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆದರು. ಯಜಮಾನನ ಕಾಲಮ್ಮಿನಲ್ಲಿ ಕದರಪ್ಪನ ಹೆಸರಿತ್ತು. ಜಮೀನು ಯಾರ ಸ್ವಾಧೀನದಲ್ಲಿದೆ ಎಂದು ಬರೆಯುವ ಅನುಭವದ ಕಾಲಮ್ಮಿನಲ್ಲಿ ತಿಮ್ಮರಾಯಪ್ಪನ ಹೆಸರಿತ್ತು. ಅನುಭವ ಯಾರದು ಎಂದು ಕೂಗಿದರು, ತಿಮ್ಮರಾಯಪ್ಪ ಎದ್ದು ನಿಂತ, ಹೊಲ ಅವನ ಹಿಂದೆ ಹೋಯಿತು. ಅವತ್ತಿನಿಂದ ಕದರಪ್ಪನ ಪಾಲಿಗೆ ಅನುಭವ ಎಂಬ ಮಾತಿಗೆ ಒಂದೇ ಅರ್ಥ. ಇನ್ನೊಬ್ಬರ ಸ್ವತ್ತಿನಲ್ಲಿ ಬಂದು ಕೂತು, ಕೂತಲ್ಲಿಂದ ಏಳದೆ ಇರುವುದು.

"ಓಬಳೇಶನ ಡಿಪ್ಲೊಮಾದೋರು ಇಂಥದ್ದು ಕೇಳಿದ್ರಾ?" ಎಂದ ಜಗಲಿಯಿಂದಲೇ. "ಕೇಳ್ಲಿಲ್ಲ. ಅವರು ಮರ್ಯಾದಸ್ತರು. ಇವರು ಮಗ್ಗಕ್ಕೇ ಕಣ್ಣು ಹಾಕವ್ರೆ."

ಓಬಳೇಶ ಬೇಕೆಂದೇ ಸುಮ್ಮನಿದ್ದ. ಅವನು ತಂದ ಇಂಗ್ಲಿಷ್ ಮಾತಿಗೂ ಈ ಮಾತಿಗೂ ಅರ್ಥ ಒಂದೇ ಎಂಬುದು ಆ ಮನೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು.

ಆ ವಾರ ಮನೆಯಲ್ಲಿ ಒಂದು ಊಟವೂ ನೆಮ್ಮದಿಯಿಂದ ನಡೆಯಲಿಲ್ಲ. ಭೀಮಕ್ಕ ಬೆಳಗ್ಗೆ ರೊಟ್ಟಿ ತಟ್ಟುತ್ತ ಕೇಳುವಳು, ಕದರಪ್ಪ ಎದ್ದು ಕುರಿಹಟ್ಟಿಗೆ ಹೋಗುವನು. ನನಗೆ ಮಗ್ಗ ಬೇಡ ಮಾವ, ನೇಯಲು ಬರುತ್ತದೆ ಎಂದಷ್ಟೇ ಅದರ ಅರ್ಥ ಎಂದು ಅವಳು ಹಿಟ್ಟಿನ ಕೈಯಲ್ಲೇ ಬಾಗಿಲವರೆಗೆ ಹೋಗಿ ಹೇಳುವಳು. ನೇಯಲು ಬರುತ್ತದೆ ಎಂದು ಬೇಕಾದರೆ ಸಾವಿರ ಸಲ ಬರೆಸಿಕೊಡುತ್ತೇನೆ, ಆ ಮಾತೊಂದು ಬೇಡ ಎಂದು ಅವನು ಹೇಳುವನು. ಭೀಮಕ್ಕ ಮೇಷ್ಟ್ರನ್ನು ಕರೆಸಿದಳು. ನಾಗಲಿಂಗಯ್ಯ ಜಗಲಿಯಲ್ಲಿ ಕೂತು ಸಮಾಧಾನವಾಗಿ ಹೇಳಿದರು.

"ಕದರಪ್ಪ, ಅನುಭವ ಅಂದ್ರೆ ಇಲ್ಲಿ ಕೈ ಪಳಗೋದು ಕಣಯ್ಯ. ಪಹಣೀದಲ್ಲ."

"ತಿಮ್ಮರಾಯಪ್ಪನ ಕೈಯೂ ಪಳಗಿತ್ತು ಮೇಷ್ಟ್ರೆ."

ಒಳಗೆ ರಾಗಿ ಕೇರುತ್ತಿದ್ದ ಜುಂಜಮ್ಮ, ಎಲ್ಲರೂ ತಿಳಿದುಕೊಂಡಂತೆ ಗಂಡನ ಪರವೇ ನಿಲ್ಲಬೇಕಾಗಿದ್ದವಳು, ಮೊರವನ್ನು ಕೆಳಗಿಟ್ಟು ಹೊರಗೆ ಬಂದಳು.

"ಅಲ್ಲ, ಇವಳೇನು ಮಗ್ಗಾನ ಸೆರಗಲ್ಲಿ ಕಟ್ಕೊಂಡು ಪಾವಗಡಕ್ಕೆ ಹೋಗ್ತಾಳಾ? ತಿಂಗಳಾದ್ರೆ ಸಂಬಳ ಬತ್ತದೆ. ಬರೆದ್ಕೊಡು ಅತ್ಲಾಗೆ. ತಿಮ್ಮರಾಯಪ್ಪ ಉತ್ತಿದ್ದೇನು ಸುಳ್ಳಾ? ನೀನೊಂದಿನ ಆ ಹೊಲಕ್ಕೆ ಇಳಿದಿದ್ಯಾ?"

"ಮಕ್ಕಳಿಲ್ಲದೋಳು" ಎಂದ ಕದರಪ್ಪ. "ನಾಳೆ ಯಾರ ಹೆಸರಿಗೆ ಮಾಡ್ತಾಳೋ ಯಾರು ಕಂಡೋರು."

ಭೀಮಕ್ಕ ಒಳಗೇ ಇದ್ದಳು. ಒಲೆಯ ಮೇಲಿದ್ದ ಎಸರು ಉಕ್ಕಿ ಬೂದಿಗೆ ಸುರಿಯಿತು, ಅವಳು ಎತ್ತಲಿಲ್ಲ.

ಆ ರಾತ್ರಿಯ ಊಟದಲ್ಲಿ ಅವಳು ಗಂಡನಿಗೆ, ನೀವಾದರೂ ಒಂದು ಮಾತು ಹೇಳಿ ಎಂದಳು. ಅಂಜನಪ್ಪ ಸಾರು ಕಲಸುತ್ತಲೇ ಹೇಳಿದ.

"ಏನು ಹೇಳ್ಲಿ? ಎಂಟು ವರ್ಷ ನಾನು ಕೂತು ತಿಂದೆ, ನನ್ನ ಹೆಂಡ್ತಿ ನೇಯ್ದಾಕಿದ್ಲು ಅಂತ ಬರೆಸಿ ಸರ್ಕಾರಕ್ಕೆ ಕೊಡಾನಾ? ಶಿರಾ ಸಂತೇಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?"

ಭೀಮಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ಸಾಕು ಅನ್ನಲಿಲ್ಲ.

ಸೋಮವಾರ ಬೆಳಗ್ಗೆ ಕದರಪ್ಪ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿದ. ಸಂಜೆ ಬಂದವನು ಜಗಲಿಯ ಮೇಲೆ ಕಾಲು ನೀಡಿ, ಮಂಡಿ ನೀವಿಕೊಳ್ಳುತ್ತ ಸೊಸೆಯನ್ನು ಕರೆದ. ಮುಖದಲ್ಲಿ ನಗು ಇತ್ತು.

"ಬರೆಸ್ಕೊಟ್ಟು ಬಂದೆ ಕಣಮ್ಮ. ಕಚೇರಿ ಮುಂದೆ ಅರ್ಜಿ ಬರೆಯೋನ ಹತ್ರ, ಛಾಪಾ ಕಾಗದದ ಮೇಲೆ. ಹೆಬ್ಬೆಟ್ಟೂ ಒತ್ತಿದೆ. ನಿಮ್ಮ ಸಾಹೇಬ್ರು ಊಟಕ್ಕೋಗಿದ್ರು, ಗುಮಾಸ್ತನ ಕೈಗೇ ಕೊಟ್ಟೆ. ನಿನ್ನ ಕೆಲಸ ಕೆಡಿಸಿದೆ ಅನ್ನೋ ಮಾತು ನಂಗ್ಯಾಕೆ?"

ಭೀಮಕ್ಕ ಅವನ ಪಾದ ಮುಟ್ಟಿದಳು. ಮದುವೆಯಾಗಿ ಬಂದಾಗಿನಿಂದ ಮಾವ ಅವಳಿಗಾಗಿ ಬಸ್ಸು ಹತ್ತಿದ್ದು ಅದೇ ಮೊದಲು. ಅವತ್ತು ಶಾವಿಗೆ ಪಾಯಸ ಮಾಡಿದಳು, ಮಾವನಿಗೆ ಎರಡು ಸಲ ಬಡಿಸಿದಳು. ಜುಂಜಮ್ಮ, ಮೊದಲ ಸಂಬಳದಲ್ಲಿ ನಿನ್ನ ಮಾವನ ಕಣ್ಣನ್ನು ಡಾಕ್ಟರಿಗೆ ತೋರಿಸು ಎಂದಳು. ಹೂಂ ಅತ್ತೆ ಎಂದಳು ಭೀಮಕ್ಕ.

ತಿಂಗಳು ಕಳೆದರೂ ಮಧುಗಿರಿಯಿಂದ ಸುದ್ದಿ ಇರಲಿಲ್ಲ. ಈ ನಡುವೆ ಓಬಳೇಶನಿಗೆ ಕೆಲಸ ಸಿಕ್ಕಿಬಿಟ್ಟಿತು. ದುಡ್ಡು ವಾಪಸು ಕೇಳಲು ಶಿರಾಕ್ಕೆ ಹೋದವನನ್ನು ಸೈಕಲ್ ಅಂಗಡಿಯ ಮಹಡಿಯ ಏಜೆಂಟ್ ಕೂರಿಸಿಕೊಂಡು, ಟೀ ತರಿಸಿ, ನೀನು ಹುಷಾರಿದ್ದೀಯೆ, ಪಾವಗಡ, ಕೊರಟಗೆರೆ ಕಡೆ ನೀನೇ ನೋಡಿಕೊ ಎಂದು ಡಿಪ್ಲೊಮಾ ಅರ್ಜಿಗಳ ಚೀಲ ಕೊಟ್ಟನಂತೆ. ಓಬಳೇಶ ಟೆರಿಕಾಟ್ ಪ್ಯಾಂಟು ಹಾಕಿಕೊಂಡು ಹಳ್ಳಿಹಳ್ಳಿ ತಿರುಗತೊಡಗಿದ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರನ್ನೆಲ್ಲ ಹುಡುಕಿ ಮಾತಾಡಿಸಿದ. ಮನೆಗೆ ಬರುವಾಗ ಖಾರದ ಬೂಂದಿ, ತಾಯಿಗೆ ಒಂದು ಸೀರೆ ತಂದ. ಡಿಪ್ಲೊಮಾ ದಂಡವಾಗಲಿಲ್ಲ ಎಂದು ಕದರಪ್ಪ ಬಂದವರಿಗೆಲ್ಲ ಕಟ್ಟನ್ನು ತೋರಿಸಿದ.

ಕೊನೆಗೆ ಭೀಮಕ್ಕ ಒಬ್ಬಳೇ ಮಧುಗಿರಿಗೆ ಹೋದಳು. ಕೇಂದ್ರದಲ್ಲಿ ಮಗ್ಗ ಬಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಒಳಗೆ ಕೊಳಾಲದ ಕಡೆಯ ಒಬ್ಬ ಗಂಡಸು ಹುಡುಗಿಯರಿಗೆ ಹಾಸು ಹಾಕುವುದನ್ನು ತೋರಿಸುತ್ತಿದ್ದ. ಶಂಕರಲಿಂಗಪ್ಪ ಅವಳನ್ನು ಕಂಡ ಕೂಡಲೇ ಎದ್ದು ಬಂದರು. ಸಿಟ್ಟು ಅವರಿಗೇ ಇತ್ತು.

"ಏನಮ್ಮ ನಿಮ್ಮ ಮನೇಲಿ ಮಾಡಿದ್ದು? ಬೇಡ ಅಂತಿದ್ರೆ ಬೇಡ ಅನ್ನಬೇಕಿತ್ತು."

ಕಡತ ತೆಗೆಸಿ, ಛಾಪಾ ಕಾಗದ ಅವಳ ಕೈಗೆ ಕೊಟ್ಟರು. ಅವಳು ಓದುವುದು ತಡವಾದಾಗ ತಾವೇ ಓದಿದರು.

"ನನ್ನ ಸೊಸೆಯಾದ ಸದರಿ ಭೀಮಕ್ಕ ಎಂಬಾಕೆಯು ಕಂಬಳಿಯನ್ನು ಬಹಳ ಚೆನ್ನಾಗಿ ನೇಯುತ್ತಾಳೆ. ಆದರೆ ಸದರಿ ಮಗ್ಗದಲ್ಲಿ ಆಕೆಗೆ ಹಿಂದೆಯಾಗಲೀ ಈಗಾಗಲೀ ಯಾವುದೇ ರೀತಿಯ ಅನುಭವ ಇರುವುದಿಲ್ಲ. ಮುಂದೆಯೂ ಇರತಕ್ಕದ್ದಲ್ಲ."

ಭೀಮಕ್ಕ ಇನ್ನೊಂದು ಸಲ ಓದಿಸಿ ಕೇಳಿದಳು. ಆಮೇಲೆ ಹೊಲದ ಕಥೆಯನ್ನು, ಪಹಣಿಯ ಕಥೆಯನ್ನು ಅವರಿಗೆ ಹೇಳಿದಳು. ಅವರ ಸಿಟ್ಟು ಇಳಿದು, ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮಂಗಳವಾರ ಪಟ್ಟಿ ಹೋಗುವ ಮುಂಚೆ ತಿಳಿದಿದ್ದರೆ ನಾನೇ ಬಸ್ಸು ಹತ್ತಿ ಬಂದು ಮುದುಕನಿಗೆ ತಿಳಿಹೇಳುತ್ತಿದ್ದೆ ಎಂದರು.

"ನಿನ್ನ ಕೈ ನಾನು ನೋಡಿದ್ದೀನಿ. ಆದ್ರೆ ಯಜಮಾನನೇ ಇಲ್ಲ ಅಂತ ಹೆಬ್ಬೆಟ್ಟು ಒತ್ತಿದ ಮೇಲೆ, ಇದೆ ಅಂತ ನಾನು ಹೆಂಗಮ್ಮ ಬರೀಲಿ? ನಾನೂ ಆ ಡಿಪ್ಲೊಮಾದವರ ಹಂಗೇ ಆಗ್ತಿದ್ದೆ."

ಅವರು ತಪ್ಪು ಮಾಡಿದರು ಎಂದು ಭೀಮಕ್ಕನಿಗೆ ಅನ್ನಿಸಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಓಬಳೇಶನೂ ಬಂದಿದ್ದ. ಅವಳು ಕಾಲು ತೊಳೆದುಕೊಂಡು ಬಂದು, ಕೆಲಸ ಬೇರೆಯವರಿಗೆ ಹೋಯಿತು, ನನಗೆ ಅನುಭವ ಇಲ್ಲ ಎಂದು ಮಾವ ಬರೆಸಿಕೊಟ್ಟಿದ್ದಾರೆ ಎಂದಳು. ಕದರಪ್ಪ ಅಡಗಿಸಲು ಹೋಗಲಿಲ್ಲ.

"ಹೌದು, ಅಂಗೇ ಬರೆಸ್ದೆ. ಚೆನ್ನಾಗಿ ನೇಯ್ತಾಳೆ ಅಂತಾನೂ ಬರೆಸ್ದೆ. ನಿಂಗೆ ಕೆಲಸಾನೂ ಸಿಗ್ಲಿ, ನಮ್ಮ ಮಗ್ಗಾನೂ ಉಳೀಲಿ ಅಂತ. ಅದ್ರಲ್ಲಿ ತಪ್ಪೇನೈತೆ?"

ಅವನ ದನಿಯಲ್ಲಿ ಮೋಸ ಇರಲಿಲ್ಲ. ಯಾರಾದರೂ ಬಿಡಿಸಿ ಹೇಳಲಿ ಎಂದು ಒಬ್ಬೊಬ್ಬರ ಮುಖ ನೋಡಿದ. ಜುಂಜಮ್ಮ ಅಯ್ಯೋ ನಿನ್ನ ಎಂದು ಅರ್ಧಕ್ಕೇ ನಿಲ್ಲಿಸಿದಳು. ಅಂಜನಪ್ಪ ಎಡಗೈಯಲ್ಲಿ ನೀರಿನ ಚೊಂಬು ಹತ್ತಿರಕ್ಕೆ ಎಳೆದುಕೊಂಡ. ಓಬಳೇಶ ಮಾತ್ರ ಅತ್ತಿಗೆಯ ಕಡೆ ತಿರುಗಿದ. ಅವನಿಗೆ ಅವಳ ಮೇಲೆ ಕನಿಕರ ಬಂದಿತ್ತು.

"ಅತ್ತಿಗೆ, ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂತೀರಾ? ನಿಮಗೂ ಒಂದು ತರಿಸ್ಕೊಡ್ತೀನಿ, ದುಡ್ಡು ಬೇಡ. ಇದಕ್ಕೆ ಯಾರ ಹೆಬ್ಬೆಟ್ಟೂ ಬೇಡ. ನಿಮ್ಮನ್ನ ಒಂದು ಮಾತೂ ಕೇಳಲ್ಲ."

"ಬ್ಯಾಡ ಕಣಪ್ಪ" ಎಂದಳು ಭೀಮಕ್ಕ. "ಯಾರಾದ್ರೂ ಕೇಳ್ಲಿ ಅಂತಾನೇ ನಾನು ಹೋಗಿದ್ದು."

ಅವನಿಗೆ ಅದು ತಿಳಿಯಲಿಲ್ಲ. ಬೂಂದಿಯ ಪೊಟ್ಟಣ ಬಿಚ್ಚಿ ಎಲ್ಲರ ತಟ್ಟೆಗೂ ಒಂದೊಂದು ಹಿಡಿ ಹಾಕಿದ.

ಮಾರನೆಯ ಬೆಳಗ್ಗೆ ಭೀಮಕ್ಕ ಬೇಗ ಎದ್ದು ಅಡುಗೆ ಮಾಡಿಟ್ಟಳು, ಕೊಟ್ಟಿಗೆ ಗುಡಿಸಿದಳು. ಹಿಂದಿನ ಕೋಣೆಯ ಕಡೆ ಹೋಗಲಿಲ್ಲ. ತಲೆಗೆ ಹಳೆಯ ಪಂಚೆ ಸುತ್ತಿಕೊಂಡು, ರೊಟ್ಟಿಯ ಗಂಟು ಹಿಡಿದು, ಕಡಲೆಕಾಯಿ ಕೀಳಲು ಹೊರಟಿದ್ದ ಹೆಂಗಸರ ಜೊತೆ ಸೇರಿದಳು. ತಿಮ್ಮರಾಯಪ್ಪನ ಹೊಲಕ್ಕೆ ಕೂಲಿ. ಕದರಪ್ಪ ಜಗಲಿಯಿಂದ ಅವಳ ಆಕಾರ ನೋಡಿಯೇ ಗುರುತು ಹಿಡಿದು ಕೂಗಿದ.

"ಎಲ್ಲಿಗಮ್ಮ? ಸಾಬರ ಕಂಬಳಿ ಅರ್ಧಕ್ಕೇ ನಿಂತೈತಲ್ಲ. ಸಂತೆ ಬಂದೇ ಬುಡ್ತು."

ಭೀಮಕ್ಕ ನಿಂತಳು. ಜೊತೆಯ ಹೆಂಗಸರೂ ನಿಂತರು. ಬೀದಿಗೆ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು.

"ಮಗ್ಗ ನಿಮ್ಮ ಅನುಭವದಲ್ಲೇ ಐತಲ್ಲ ಮಾವ. ನೀವೇ ನೇಯ್ಕಳಿ."